‘ಸ’ ಚುಚ್ಚುವ ಹೆಡ್‌ಫೋನ್, ‘ಸ’ ಸವರುವ ಹೆಡ್‌ಫೋನ್

ಗೆಳೆಯನ ಮನೆಯಲ್ಲಿ ಒಂದು ಸಂಜೆ ಎರಡು ಹೆಡ್‌ಫೋನ್ ಮುಂದಿಟ್ಟುಕೊಂಡು ಕೂತಿದ್ದೆವು. ಒಂದು ಸೆನ್‌ಹೈಸರ್ ಎಚ್‌ಡಿ 800. ಇನ್ನೊಂದು ಆಡಿಸಿ ಎಲ್‌ಸಿಡಿ-2. (ಇಂಗ್ಲಿಷಿನಲ್ಲಿ ಹೇಗೇ ಬರೆದಿರಲಿ, ಕಂಪನಿಯವರು ಹೇಳುವುದು ‘ಆಡಿಸಿ’ ಎಂದೇ. ನಮ್ಮ ನಾಲಿಗೆಗೆ ಸುಲಭ.) ಕೇಳಿದ್ದು ಒಂದು ಕರ್ನಾಟಕ ಸಂಗೀತ ಕಚೇರಿಯ ರೆಕಾರ್ಡಿಂಗ್.

ಮೊದಲ ಸುತ್ತಿನಲ್ಲೇ ಎಡವಿದೆವು. ವಾಲ್ಯೂಮ್ ನಾಬ್ ಮುಟ್ಟದೆ ಹೆಡ್‌ಫೋನ್ ಮಾತ್ರ ಬದಲಾಯಿಸಿದ್ದೆವು. ಹಾಗೆ ಮಾಡಿದರೆ ಎರಡೂ ಒಂದೇ ಜೋರಿನಲ್ಲಿ ಕೇಳಿಸುವುದಿಲ್ಲ. ಜೋರಾಗಿದ್ದದ್ದು ಸುಮ್ನೆ ಚೆನ್ನಾಗಿದೆ ಅನ್ನಿಸುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸ ಸಾಕು, ಕಿವಿ ಮೋಸಹೋಗುತ್ತದೆ. ಸರಿದೂಗಿಸಿಕೊಂಡು ಮತ್ತೆ ಶುರು ಮಾಡಿದೆವು.

ಎಚ್‌ಡಿ 800ರಲ್ಲಿ ತಂಬೂರಿಯ ಝೇಂಕಾರ ತಲೆಯಿಂದಾಚೆ ಎಲ್ಲೋ ಹರಡಿಕೊಂಡಿತ್ತು. ಪಿಟೀಲಿನ ಕಮಾನು ತಂತಿಯನ್ನು ಉಜ್ಜುವ ಸದ್ದೂ ಬಿಡಿಯಾಗಿ ಕೇಳಿಸಿತು. ಆದರೆ ಹಾಡುವವರು ‘ಸ’ ಅಂದಾಗಲೆಲ್ಲ ಸೂಜಿ ಮೊನೆ ತಾಕಿದ ಹಾಗೆ.

2009ರಲ್ಲಿ ಬಂದ ಈ ಹೆಡ್‌ಫೋನಿನ ಡ್ರೈವರ್, ಅಂದರೆ ಸದ್ದು ಹೊರಡಿಸುವ ಭಾಗ, 56 ಮಿ.ಮೀ. ಅಗಲ. ಇದರಲ್ಲಿ ಕಂಪಿಸುವ ತೆಳು ಪೊರೆ ಉದ್ದಿನ ವಡೆಯ ಹಾಗೆ, ನಡುವೆ ತೂತಿರುವ ಉಂಗುರ. ದೊಡ್ಡ ಪೊರೆ ವೇಗವಾಗಿ ಕಂಪಿಸುವಾಗ ಅಲ್ಲೊಂದು ತರಹ ಇಲ್ಲೊಂದು ತರಹ ನಲುಗುತ್ತದೆ. ಉಂಗುರ ಮಾಡಿ ಒಳಗಿನ ಅಂಚನ್ನೂ ಹೊರಗಿನ ಅಂಚನ್ನೂ ಹಿಡಿದಿಟ್ಟರೆ ಆ ಕಾಟ ಕಡಿಮೆ. ಹಾಗಿದ್ದೂ 6000 ಹರ್ಟ್ಸ್ ಸುತ್ತ ಒಂದು ಉಬ್ಬು ಉಳಿದಿದೆ, ಅಂದರೆ ಅಲ್ಲಿ ಸದ್ದು ಬೇಕಾದದ್ದಕ್ಕಿಂತ ಜೋರು. ಆ ಸದ್ದಿನ ಅಲೆ ಸುಮಾರು 5.7 ಸೆಂ.ಮೀ. ಉದ್ದ, ಕಿವಿಯನ್ನು ಸುತ್ತುವರಿಯುವ ಕಪ್ಪಿನ ಒಳಗೆ ಪುಟಿದಾಡಲು ಹೇಳಿ ಮಾಡಿಸಿದ ಅಳತೆ. ನಮ್ಮ ‘ಸ’ಕಾರದ ಸುಯ್ಲಿಗೂ ಸುಮಾರು ಅಲ್ಲೇ ಠಿಕಾಣಿ!

ಕೆಲವರು ಕಪ್ಪಿನೊಳಗೆ ಉಣ್ಣೆಬಟ್ಟೆಯ ತುಂಡು ಅಂಟಿಸಿ ಇದನ್ನು ಪಳಗಿಸಿದರು. 2016ರ ಎಚ್‌ಡಿ 800 ಎಸ್‌ನಲ್ಲಿ ಕಂಪನಿಯೇ ಒಂದು ಪುಟ್ಟ ಗಾಳಿಗೂಡು ಇಟ್ಟಿತು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಹೊರಡುತ್ತದೆ, ಅಲ್ವಾ? ಅದನ್ನೇ ತಿರುಗಿಸಿ ನೋಡಿ: ಅದೇ ಸ್ವರ ಹೊರಗಿನಿಂದ ಬಂದರೆ ಬಾಟಲಿಯೊಳಗಿನ ಗಾಳಿ ಅದರ ಕಸುವನ್ನು ಹೀರಿಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಇದೇ ಅತಿ ಜಾಣ ಕೆಲಸ.

ಎಲ್‌ಸಿಡಿ-2ರ ದಾರಿಯೇ ಬೇರೆ. ಅದು ಪ್ಲೇನಾರ್. ತೆಳು ಹಾಳೆಯ ಉದ್ದಗಲಕ್ಕೂ ಲೋಹದ ಗೆರೆ ಎಳೆದು, ಆಯಸ್ಕಾಂತಗಳ ಮುಂದೆ ಬಿಗಿದಿರುತ್ತಾರೆ. ಕರೆಂಟು ಹರಿದರೆ ಹಾಳೆ ಪೂರ್ತಿ ಒಟ್ಟಿಗೆ ಮಿಸುಕುತ್ತದೆ. ಮೃದಂಗದ ಎಡಗಡೆಯ ಗುಂಕಿ ಇದರಲ್ಲಿ ಹೊಟ್ಟೆ ತುಂಬಿಕೊಂಡು ಬಂತು. ಎಚ್‌ಡಿ 800ರಲ್ಲಿ ಅದು ಸ್ವಲ್ಪ ಒಣಗಿತ್ತು. ‘ಸ’ ಕೂಡ ಸವರಿಕೊಂಡು ಹೋಯಿತು.

ಇದಕ್ಕೂ ಬೆಲೆ ತೆರಬೇಕು. ನಮ್ಮ ಕಿವಿನಾಳ ಸುಮಾರು 2.5 ಸೆಂ.ಮೀ. ಉದ್ದ. ಅದು 3000 ಹರ್ಟ್ಸ್ ಸುತ್ತ ತಾನೇ ಮೊಳಗುತ್ತದೆ. ಕಿವಿ ಅತಿ ಚುರುಕಾಗಿರುವುದೂ ಆ ಜಾಗದಲ್ಲೇ. ಎಲ್‌ಸಿಡಿ-2 ಆ ಭಾಗವನ್ನೇ ತುಸು ತಗ್ಗಿಸುತ್ತದೆ. ಹಾಗಾಗಿ ಹಾಡುವವರು ವೇದಿಕೆಯಲ್ಲಿ ಎರಡು ಹೆಜ್ಜೆ ಹಿಂದೆ ಸರಿದು ಕೂತ ಹಾಗಾಯಿತು.

ಇಷ್ಟೆಲ್ಲ ವಿವರಿಸಿದೆ. ಗೆಳೆಯ ಎಚ್‌ಡಿ 800 ಹಾಕಿಕೊಂಡು, “ಎಲ್ಲಿ ಚುಚ್ಚುತ್ತೋ? ನನಗೇನೂ ಗೊತ್ತಾಗ್ತಿಲ್ಲ” ಅಂದ. ಕಿವಿಯ ಹಾಲೆಯ ಮಡಿಕೆಗಳು ಒಬ್ಬೊಬ್ಬರಿಗೂ ಬೇರೆ, ಸದ್ದು ಅಲ್ಲೂ ತಿದ್ದಿಸಿಕೊಂಡೇ ಒಳಗೆ ಹೋಗುವುದು. ನಾನು ಎಲ್‌ಸಿಡಿ-2ರಲ್ಲೇ ತನಿ ಆವರ್ತನದವರೆಗೂ ಕೂತೆ. ಅರ್ಧ ಕೆ.ಜಿ.ಗೂ ಜಾಸ್ತಿ ಭಾರ. ಆಮೇಲೆ ಕತ್ತು ನೋವು ಬಂದು ತೆಗೆದಿಟ್ಟೆ.