ಕೂಸಿನ ಮೂಗಿನ ಮೇಲೆ ಬಿಳಿ ಕಾಳು: ತಿಕ್ಕಿದರೆ ಹೋಗುತ್ತವಾ?

ಪ್ರಶ್ನೆ: ಬಾಣಂತನಕ್ಕೆ ಬಾಗಲಕೋಟೆಯ ತವರುಮನೆಗೆ ಬಂದಿದ್ದೇನೆ. ಕೂಸಿಗೆ 12 ದಿನ. ಮೂಗು, ಗಲ್ಲದ ಮೇಲೆ ಸಣ್ಣ ಬಿಳಿ ಕಾಳುಗಳಿವೆ. ಎರೆಯುವಾಗ ಕಡಲೆ ಹಿಟ್ಟು ಹಚ್ಚಿ ತಿಕ್ಕಿದರೆ ಉದುರುತ್ತವೆ ಅಂತಾಳೆ ಅವ್ವ. ನನ್ನ ಕಣ್ಣಿನ ಕೆಳಗೂ ಅಂಥವೇ ಎರಡಿವೆ. ಏನು ಮಾಡಲಿ?

ಉತ್ತರ: ತಿಕ್ಕುವುದು ಬೇಡ. ಅವ್ವನಿಗೆ ಸಮಾಧಾನದಿಂದ ಹೇಳಿ. ನೀವು ಬರೆದದ್ದು ನೋಡಿದರೆ ಇವು ‘ಮಿಲಿಯಾ’ ಇರಬೇಕು. ಲ್ಯಾಟಿನ್‌ನಲ್ಲಿ ‘ಮಿಲಿಯಂ’ ಅಂದರೆ ಸಿರಿಧಾನ್ಯ. ಹೆಸರಿಡುವ ಕೆಲಸ ನಮ್ಮ ಕಡೆಯವರಿಗೆ ಬಂದಿದ್ದರೆ ಸುಮ್ನೆ ‘ನವಣೆ’ ಅಂದುಬಿಡುತ್ತಿದ್ದರೇನೋ. ಗಾತ್ರವೂ ಅಷ್ಟೇ, 1–2 ಮಿಲಿಮೀಟರ್.

ಒಳಗಿರುವುದು ಹಾಲಲ್ಲ, ಕೀವೂ ಅಲ್ಲ. ಅದು ಕೆರಾಟಿನ್. ಕೂದಲು, ಉಗುರಿನಲ್ಲಿ ಇರುವಂಥದ್ದೇ ಗಟ್ಟಿ ಪ್ರೋಟೀನ್. ಉದುರಿ ಹೋಗಬೇಕಾದ ಚರ್ಮದ ಪುಡಿ ಒಳಗೇ ಸಣ್ಣ ಚೀಲದಲ್ಲಿ ಸಿಕ್ಕಿಕೊಂಡಿರುತ್ತದೆ. ಆ ಚೀಲಕ್ಕೆ ಬಾಯಿಯೇ ಇಲ್ಲ. ತಿಕ್ಕಿದರೂ ಹಿಚುಕಿದರೂ ಎಲ್ಲಿಂದ ಹೊರಗೆ ಬರಬೇಕು? ಕೂಸಿನ ಎಳೆ ಚರ್ಮ ಕೆತ್ತಿ ಗಾಯವಾಗುತ್ತದೆ, ಅಷ್ಟೇ. ಹೆಚ್ಚುಕಡಿಮೆ ಅರ್ಧದಷ್ಟು ಹಸುಗೂಸುಗಳಲ್ಲಿ ಇದು ಕಾಣುತ್ತದೆ. ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ, ಕೆಲವರಿಗೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಎರೆಯುವುದೇನೂ ನಿಲ್ಲಿಸಬೇಡಿ, ಮುಖಕ್ಕೆ ಮಾತ್ರ ಉಗುರುಬೆಚ್ಚಗಿನ ನೀರು ಸಾಕು.

ಕೂಸು ಬಾಯಿ ತೆರೆದು ಅಳುವಾಗ ಒಮ್ಮೆ ಇಣುಕಿ ನೋಡಿ. ಅಂಗುಳಲ್ಲೋ ವಸಡಿನ ಮೇಲೋ ಇಂಥ ಬಿಳಿ ಮುತ್ತು ಇದ್ದರೂ ಇರಬಹುದು. ಹುಟ್ಟುತ್ತಲೇ ಹಲ್ಲು ಬಂತು ಅಂತ ಗಾಬರಿಯಾಗುವವರಿದ್ದಾರೆ. ಅದೂ ಹಾಗೇ ಹೋಗುತ್ತದೆ. ಬೇಸಿಗೆಯಲ್ಲಿ ಕುತ್ತಿಗೆ, ಬೆನ್ನಿಗೆ ಕೆಂಪಗೆ ಏಳುವ ಬೆವರುಸಾಲೆ ಮಾತ್ರ ಬೇರೆ. ಬಾಣಂತಿ ಕೋಣೆಗೆ ಸ್ವಲ್ಪ ಗಾಳಿ ಬಿಟ್ಟರೆ ಅದು ಇಳಿಯುತ್ತದೆ. ಆದರೆ ನೀರು ಅಥವಾ ಕೀವು ತುಂಬಿದ ಗುಳ್ಳೆ ಕಂಡರೆ, ಜ್ವರ ಬಂದರೆ, ಕೂಸು ಹಾಲು ಕುಡಿಯದಿದ್ದರೆ ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನು ನಿಮ್ಮವು. ದೊಡ್ಡವರಲ್ಲಿ ಇವು ಅಷ್ಟು ಬೇಗ ಜಾಗ ಬಿಡುವುದಿಲ್ಲ, ತಿಂಗಳುಗಟ್ಟಲೆ ಇರುತ್ತವೆ. ಸುಟ್ಟು ಮಾಯ್ದ ಜಾಗದಲ್ಲಿ, ಸ್ಟಿರಾಯ್ಡ್ ಕ್ರೀಮ್ ಬಹಳ ದಿನ ಹಚ್ಚಿದ ಕಡೆಯೂ ಏಳುತ್ತವೆ. ನೋವಿಲ್ಲ, ಅಪಾಯವಿಲ್ಲ. ನೋಡಲು ಬೇಸರವಾದರೆ ಚರ್ಮದ ಡಾಕ್ಟರು ಶುದ್ಧ ಸೂಜಿಯಿಂದ ಸಣ್ಣ ಕಂಡಿ ಮಾಡಿ ಕಾಳು ತೆಗೆಯುತ್ತಾರೆ. ಕನ್ನಡಿ ಮುಂದೆ ನಿಂತು ಪಿನ್ನು ಹಿಡಿಯಬೇಡಿ, ಅದು ಕಣ್ಣಿನ ಹತ್ತಿರದ ಜಾಗ. ಹಚ್ಚಲು ಕ್ರೀಮ್ ಬರೆದುಕೊಟ್ಟರೆ, ಕೂಸಿಗೆ ಎದೆಹಾಲು ಕುಡಿಸುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡಿ.