ಲೇಬಲ್‌ನ ಎರಡನೆಯ ದಿನಾಂಕ: ಕ್ಯಾಲಿಬ್ರೇಶನ್ ಟಿಪ್ಪಣಿ

ಅಳತೆಯ ಉಪಕರಣ ಸರಿಯಾಗಿ ತೋರಿಸುತ್ತಿದೆಯೇ ಎಂದು ಖಚಿತ ಮಾನಕದೊಂದಿಗೆ ಹೋಲಿಸಿ ನೋಡುವುದೇ ಕ್ಯಾಲಿಬ್ರೇಶನ್. ಅದಾದ ಮೇಲೆ ಉಪಕರಣಕ್ಕೆ ಅಂಟಿಸುವ ಲೇಬಲ್‌ನಲ್ಲಿ ಎರಡು ದಿನಾಂಕಗಳಿರುತ್ತವೆ. ಕ್ಯಾಲಿಬ್ರೇಶನ್ ಆದ ದಿನವನ್ನು ಪ್ರಯೋಗಾಲಯ ಹೇಳುತ್ತದೆ. ಮುಂದಿನದು ಯಾವಾಗ ಎಂಬುದನ್ನು ಉಪಕರಣದ ಒಡೆಯರೇ ನಿರ್ಧರಿಸಬೇಕು. ಗ್ರಾಹಕರ ಒಪ್ಪಿಗೆಯಿಲ್ಲದೆ ಪ್ರಮಾಣಪತ್ರದಲ್ಲಾಗಲಿ ಲೇಬಲ್‌ನಲ್ಲಾಗಲಿ ಅವಧಿಯನ್ನು ಸೂಚಿಸಬಾರದೆಂದು ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ/ಐಇಸಿ 17025:2017 ಸ್ಪಷ್ಟವಾಗಿ ಹೇಳುತ್ತದೆ. ಎಲ್ಲದಕ್ಕೂ ಕಣ್ಣುಮುಚ್ಚಿ ಒಂದು ವರ್ಷ ಬರೆಯುವುದು ಬರೀ ರೂಢಿ. ಸೇಡಂ, ವಾಡಿ ಕಡೆಯ ಸಿಮೆಂಟ್ ದೂಳಿನಲ್ಲಿ ದಿನವಿಡೀ ಕೈಯಾಡುವ ವರ್ನಿಯರ್‌ಗೂ (ಉದ್ದ, ದಪ್ಪ ಅಳೆಯುವ ಸಾಧನ) ಬೀರುವಿನಲ್ಲಿರುವ ವರ್ನಿಯರ್‌ಗೂ ಒಂದೇ ಅವಧಿ ಏಕೆ? ಹಳೆಯ ಪ್ರಮಾಣಪತ್ರಗಳನ್ನು ಸಾಲಾಗಿಟ್ಟು ನೋಡಿ: ದೋಷವು ಮಿತಿಯ ಹತ್ತಿರ ಸರಿಯುತ್ತಿದ್ದರೆ ಅವಧಿಯನ್ನು ಕಡಿಮೆ ಮಾಡಿ, ಅಲುಗಾಡದೆ ನಿಂತಿದ್ದರೆ ಹೆಚ್ಚಿಸಬಹುದು.

ಸಿಮೆಂಟ್ ಪ್ರಯೋಗಾಲಯದಲ್ಲಿ ಇನ್ನೊಂದು ತೊಡಕಿದೆ. ಸಿಮೆಂಟಿನ ಬಲ ತಿಳಿಯಲು ಅದರ ಗಾರೆಯಿಂದ ಮಾಡಿದ ಕ್ಯೂಬ್‌ಗಳನ್ನು 3, 7 ಮತ್ತು 28ನೆಯ ದಿನ ಒಡೆಯುತ್ತಾರೆ. ಒಡೆಯುವ ಯಂತ್ರದ ಡ್ಯೂ, ಅಂದರೆ ಮುಂದಿನ ಕ್ಯಾಲಿಬ್ರೇಶನ್ ಆಗಬೇಕಾದ ದಿನ, ಜೂನ್ 10 ಎಂದಿಟ್ಟುಕೊಳ್ಳಿ. ಮೇ 20ರಂದು ಹಾಕಿದ ಕ್ಯೂಬ್‌ಗಳ ಮೊದಲೆರಡು ಪರೀಕ್ಷೆಗಳು ನಿರಾಳವಾಗಿ ಮುಗಿಯುತ್ತವೆ. 28ನೆಯ ದಿನ ಬರುವುದು ಜೂನ್ 17ಕ್ಕೆ. ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಕ್ಯೂಬ್ ಕಾಯುವುದಿಲ್ಲ, ಅದರ ಬಲ ಬೆಳೆಯುತ್ತಲೇ ಇರುತ್ತದೆ. ಇಷ್ಟು ಭಾರದ ಯಂತ್ರವನ್ನು ಹೊತ್ತೊಯ್ಯಲೂ ಆಗದು, ತಂತ್ರಜ್ಞರೇ ಸ್ಥಳಕ್ಕೆ ಬರಬೇಕು. ಆದ್ದರಿಂದ ರಿಜಿಸ್ಟರ್‌ನಲ್ಲಿ ಡ್ಯೂ ದಿನಾಂಕದ ಪಕ್ಕದಲ್ಲೇ ‘ಕರೆಸಬೇಕಾದ ದಿನ’ ಎಂಬ ಕಾಲಂ ಇರಲಿ. ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ಉಪಯುಕ್ತ.

ಲೇಬಲ್‌ನಲ್ಲಿ ಗುರುತಿನ ಸಂಖ್ಯೆ, ಎರಡೂ ದಿನಾಂಕ, ಸಹಿ ಇದ್ದರೆ ಸಾಕು. ‘ಜೂನ್ 26’ ಎಂದಷ್ಟೇ ಬರೆದರೆ ಅದು ದಿನವೋ ವರ್ಷವೋ ತಿಳಿಯದು, ಪೂರ್ತಿ ಬರೆಯಿರಿ. ತೂಕದ ಬಟ್ಟಿನ ಮೇಲೆ ಚೀಟಿ ಅಂಟಿಸಿದರೆ ಅದರ ತೂಕವೇ ಬದಲಾಗುತ್ತದೆ, ಹಾಗಾಗಿ ಪೆಟ್ಟಿಗೆಯ ಮೇಲೆ ಅಂಟಿಸಿ. ಲೇಬಲ್ ಬದಲು ಸಂಕೇತ ಸಂಖ್ಯೆಯಿಂದ ಗುರುತಿಸುವುದಕ್ಕೂ 17025 ಮಾನದಂಡದಲ್ಲಿ ಅವಕಾಶವಿದೆ.

ಹೊಸ ಲೇಬಲ್ ಅಂಟಿಸುವ ಮೊದಲು ಪ್ರಮಾಣಪತ್ರವನ್ನು ಓದಿ. ಇದನ್ನೇ ಹೆಚ್ಚಿನವರು ಮಾಡುವುದಿಲ್ಲ, ಕಡತಕ್ಕೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಸಿಮೆಂಟ್ ಪರೀಕ್ಷೆಯ ಕೋಣೆ 27 ಡಿಗ್ರಿಗೆ 2 ಡಿಗ್ರಿ ಹೆಚ್ಚುಕಡಿಮೆಯೊಳಗೆ ಇರಬೇಕು. ಹೊರಗೆ ಬಿಸಿಲು 40 ದಾಟುವ ಕಲಬುರಗಿಯ ಮೇ ತಿಂಗಳಲ್ಲಿ ಇದೇ ಒಂದು ಸಾಹಸ. ಕೋಣೆಯ ಥರ್ಮಾಮೀಟರ್ 1 ಡಿಗ್ರಿ ಕಡಿಮೆ ತೋರಿಸುತ್ತದೆ ಎಂದು ಪ್ರಮಾಣಪತ್ರ ಹೇಳಿದ್ದರೆ, 28.5 ತೋರಿಸಿದಾಗ ನಿಜವಾದ ಉಷ್ಣಾಂಶ 29.5. ಅಲ್ಲಿಗೆ ಮಿತಿ ಮೀರಿತು, ಲೇಬಲ್ ಎಷ್ಟೇ ಹೊಸದಾಗಿರಲಿ. ಉಪಕರಣವೇ ಬಳಕೆಗೆ ಯೋಗ್ಯವಲ್ಲವೆಂದು ತಿಳಿದರೆ, ಹಿಂದೆ ಅದರಿಂದ ಪಡೆದ ಫಲಿತಾಂಶಗಳಿಗೆ ಧಕ್ಕೆಯಾಗಿದೆಯೇ ಎಂದು ಪರಿಶೀಲಿಸಲು ಗುಣಮಟ್ಟ ನಿರ್ವಹಣೆಯ ಮಾನದಂಡವಾದ ಐಎಸ್ಒ 9001:2015 ಹೇಳುತ್ತದೆ.

ಕೊನೆಗೆ, ಗೇಟಿನ ವೇಬ್ರಿಡ್ಜ್, ಅಂದರೆ ಲಾರಿ ತೂಗುವ ಯಂತ್ರ. ಸಿಮೆಂಟ್ ಕಾರ್ಖಾನೆಯದಿರಲಿ ತೊಗರಿ ಬೇಳೆ ಮಿಲ್ಲಿನದಿರಲಿ, ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಕಾಯ್ದೆ 2009ರ ಅಡಿ 12 ತಿಂಗಳಿಗೊಮ್ಮೆ ಮರುಪರಿಶೀಲನೆ ಮತ್ತು ಮುದ್ರೆ ಕಡ್ಡಾಯ. ಇಲ್ಲಿ ಅವಧಿ ನಮ್ಮ ಕೈಯಲ್ಲಿಲ್ಲ. ಕ್ಯಾಲಿಬ್ರೇಶನ್ ಲೇಬಲ್ ಆ ಮುದ್ರೆಗೆ ಬದಲಿಯೂ ಅಲ್ಲ. ರಿಜಿಸ್ಟರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಬೇಕು.