ಕಬಡ್ಡಿ ಊರಿಗೆ ಟಚ್ ರಗ್ಬಿ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಪ್ರೌಢಶಾಲೆ. ಮಕ್ಕಳು ಕಬಡ್ಡಿ, ಖೋ ಖೋದಲ್ಲಿ ಗಟ್ಟಿಗರು. ರಗ್ಬಿ ಕಲಿಸೋಣವೆಂದರೆ ಹದಿನೈದು ಜನರ ತಂಡ ಬೇಕು, ಹುಲ್ಲಿನ ಮೈದಾನ ಬೇಕು, ಕೈಕಾಲು ಮುರಿಯುತ್ತದೆ ಎನ್ನುತ್ತಾರೆ. ಮುಟ್ಟಿ ಆಡುವ ಚಿಕ್ಕ ರಗ್ಬಿಯನ್ನು ನಮ್ಮ ಮೈದಾನದಲ್ಲೇ ಆಡಿಸಬಹುದೇ?

ಉತ್ತರ: ಧಾರಾಳವಾಗಿ ಆಡಿಸಬಹುದು. ಹದಿನೈದು ಜನರ ಆಟವನ್ನು ಸದ್ಯಕ್ಕೆ ಮರೆತುಬಿಡಿ. ಬೇಸಿಗೆಯಲ್ಲಿ ನಮ್ಮ ಕೆಂಪು ನೆಲ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಮಕ್ಕಳನ್ನು ಕೆಡವಿ ಆಡಿಸುವುದು ತರವಲ್ಲ. ರಗ್ಬಿ ಈ ದೇಶಕ್ಕೆ ಬಂದದ್ದು ಇತ್ತೀಚೆಗೇನಲ್ಲ. 1873ರಲ್ಲೇ ಕಲ್ಕತ್ತೆಯಲ್ಲಿ ಇಂಗ್ಲಿಷರ ಕ್ಲಬ್ ಇತ್ತು. ಐದಾರು ವರ್ಷಕ್ಕೆ ಆಡುವವರಿಲ್ಲದೆ ಅದು ಮುಚ್ಚಿತು, ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್ ತಂಡಗಳು ಇಂದಿಗೂ ಆಡುವುದು ಆ ಕಲ್ಕತ್ತಾ ಕಪ್‌ಗಾಗಿಯೇ. ಕಪ್ ಉಳಿಯಿತು, ಕ್ಲಬ್ ಆಗ ಉಳಿಯಲಿಲ್ಲ.

ಟಚ್ ರಗ್ಬಿ 1960ರ ದಶಕದಲ್ಲಿ ಸಿಡ್ನಿಯಲ್ಲಿ ರೂಪುಗೊಂಡ ಆಟ. ಇದರಲ್ಲಿ ಯಾರನ್ನೂ ಹಿಡಿದು ಕೆಡವುವಂತಿಲ್ಲ, ಮುಟ್ಟಿದರೆ ಸಾಕು. ಕೂದಲು, ಅಂಗಿ, ಕೈಯಲ್ಲಿರುವ ಚೆಂಡು, ಯಾವುದಕ್ಕೆ ಕೈ ತಗುಲಿದರೂ ಮುಟ್ಟಿದಂತೆಯೇ. ಒಂದು ಕಡೆಗೆ ಆರು ಜನ, ಮೈದಾನ 70 ಮೀಟರ್ ಉದ್ದ, 50 ಮೀಟರ್ ಅಗಲ. ಚೆಂಡು ಹಿಡಿದವನನ್ನು ಮುಟ್ಟಿದ ಕೂಡಲೇ ಅವನು ಅದೇ ಜಾಗದಲ್ಲಿ ಚೆಂಡನ್ನು ನೆಲಕ್ಕಿಟ್ಟು ದಾಟಿ ಮುಂದೆ ಹೆಜ್ಜೆ ಇಡಬೇಕು, ಹಿಂದಿನಿಂದ ಜೊತೆಗಾರ ಎತ್ತಿಕೊಳ್ಳಬೇಕು. ಆರನೇ ಸಲ ಮುಟ್ಟಿದರೆ ಚೆಂಡು ಎದುರಾಳಿಗೆ. ಕಬಡ್ಡಿಯ ಡೂ ಆರ್ ಡೈ ರೇಡ್ (ಎರಡು ರೇಡ್ ಖಾಲಿ ಹೋದಮೇಲೆ ಪಾಯಿಂಟ್ ತರಲೇಬೇಕಾದ ರೇಡ್) ಗೊತ್ತಿರುವ ಮಕ್ಕಳಿಗೆ ಐದನೇ ಟಚ್ ಆದಮೇಲೆ ಎಷ್ಟು ಅವಸರ ಮಾಡಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಒಂದು ಪಾಯಿಂಟ್.

ಶುರುವಿಗೆ ಪೂರ್ತಿ ಮೈದಾನ ಬೇಡ. ನಾಲ್ಕು ನಾಲ್ಕು ಜನ ಆಡಿಸಿ, 40 ಮೀಟರ್ ಉದ್ದ, 30 ಮೀಟರ್ ಅಗಲ ಸಾಕು. ಆರು ಜನಕ್ಕೆ 50 ಮೀಟರ್ ಅಗಲವೆಂದರೆ ತಲೆಗೆ ಎಂಟು ಮೀಟರ್ ಚಿಲ್ಲರೆ; ನಾಲ್ಕು ಜನಕ್ಕೆ 30 ಎಂದರೆ ಏಳೂವರೆ. ಅಂದರೆ ನುಗ್ಗುವ ಸಂದಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಅಳತೆಯ ಇನ್ನೊಂದು ಅನುಕೂಲ, ಮೂಲೆಯಿಂದ ಮೂಲೆಗೆ ಸರಿಯಾಗಿ 50 ಮೀಟರ್ ಬರುತ್ತದೆ, ಒಂದೇ ಟೇಪಿನಲ್ಲಿ ಕೆಲಸ ಮುಗಿಯುತ್ತದೆ. ಒಂದು ಮೂಲೆಗೆ ಗೂಟ ಹೊಡೆದು, ಕಾಂಪೌಂಡಿನ ಗುಂಟ 40 ಅಳೆಯಿರಿ, ಅಲ್ಲಿಂದ ಅಡ್ಡಕ್ಕೆ 30. ಈಗ ಮೊದಲ ಗೂಟದಿಂದ ಕೊನೆಯ ಗೂಟಕ್ಕೆ ಅಳೆದರೆ 50 ಬರಬೇಕು. ಜಾಸ್ತಿ ಬಂದರೆ ಮೂಲೆ ಅಗಲಿದೆ ಎಂದರ್ಥ, ಕೊನೆಯ ಗೂಟವನ್ನು ಒಳಕ್ಕೆ ತನ್ನಿ. ಗೆರೆಯಾಚೆ ಎರಡೂ ಕಡೆ ಐದು ಮೀಟರ್ ಖಾಲಿ ಜಾಗ ಬಿಡಿ. ಗೆರೆ ದಾಟಿದ ಹುಡುಗ ತಕ್ಷಣ ನಿಲ್ಲುವುದಿಲ್ಲ, ಆಚೆ ಗೋಡೆಯಿದ್ದರೆ ಗೋಡೆಗೇ ಹೋಗಿ ಬಡಿಯುತ್ತಾನೆ. ಮೈದಾನದ ನಡುವೆ ಸಿಮೆಂಟಿನ ಕ್ರಿಕೆಟ್ ಪಿಚ್ ಇದ್ದರೆ ಅದನ್ನು ಹೊರಗಿಟ್ಟೇ ಗೆರೆ ಹಾಕಿ.

ಗೆರೆಗೆ ಗೋಡೆಗೆ ಬಳಿಯುವ ಸುಣ್ಣ ಬೇಡವೇ ಬೇಡ. ಈ ಆಟದಲ್ಲಿ ಮಕ್ಕಳು ಗೆರೆಯ ಮೇಲೇ ಬೀಳುತ್ತಾರೆ. ಬೆವೆತ ಚರ್ಮಕ್ಕೂ ತರಚಿದ ಮಂಡಿಗೂ ಸುಣ್ಣ ತಾಗಿದರೆ ಸುಡುತ್ತದೆ, ಕಣ್ಣಿಗೆ ಬಿದ್ದರಂತೂ ಆಸ್ಪತ್ರೆಯೇ ಗತಿ. ಚಾಕ್ ಪುಡಿ ಹಾಕಿ. ಅದೂ ಇಲ್ಲದಿದ್ದರೆ ಹಳೇ ಸೈಕಲ್ ಟೈರನ್ನು ಗೇಣುದ್ದ ಕತ್ತರಿಸಿ ಐದೈದು ಮೀಟರಿಗೆ ಒಂದರಂತೆ ಇಡಿ. ಗುರುತಿಗೆ ಕಲ್ಲು ಇಡುವ ನಮ್ಮ ಅಭ್ಯಾಸ ಇಲ್ಲಿ ಸಲ್ಲದು. ಆಟಕ್ಕೆ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೈದಾನದುದ್ದಕ್ಕೂ ನಡೆಸಿ, ನೆಗ್ಗಿಲು ಮುಳ್ಳು, ಗಾಜಿನ ಚೂರು ಆರಿಸಿ ಹಾಕಲಿ. ಆಡಿದರೆ ಎಲ್ಲರೂ ಬರಿಗಾಲಲ್ಲಿ, ಇಲ್ಲವೇ ಎಲ್ಲರೂ ಕ್ಯಾನ್ವಾಸ್ ಶೂನಲ್ಲಿ. ಬರಿಗಾಲಿನ ಬೆರಳಿನ ಮೇಲೆ ಶೂ ಬಿದ್ದರೆ ಉಗುರೇ ಕಿತ್ತುಬರುತ್ತದೆ.

24 ಮಕ್ಕಳಿಗೆ ಆರು ಚೆಂಡು ಇರಲಿ, ನಾಲ್ವರಿಗೊಂದು. ಪ್ರೌಢಶಾಲೆಯ ಮಕ್ಕಳ ಕೈಗೆ ರಗ್ಬಿಯ 4ನೇ ಸೈಜ್ ಸರಿಹೋಗುತ್ತದೆ, ದೊಡ್ಡವರ 5 ತರಬೇಡಿ. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಗಾಳಿ ಸಾಕು. ಬಿಗಿಯಾಗಿ ತುಂಬಿದ ಚೆಂಡು ಹೊಸಬರ ಕೈಯಿಂದ ಪುಟಿದು ಹೋಗುತ್ತದೆ. ಪಂಪಿನ ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಿ, ಒಣ ಸೂಜಿ ವಾಲ್ವನ್ನು ಹರಿಯುತ್ತದೆ. ಚೆಂಡು ಬರುವುದು ತಡವಾದರೆ ಫುಟ್‌ಬಾಲಿನಲ್ಲೇ ಒಂದು ವಾರ ತಳ್ಳಬಹುದು. ಅದಕ್ಕಿಂತ ಹೆಚ್ಚು ಬೇಡ, ಮಕ್ಕಳು ಅದನ್ನು ಥ್ರೋಬಾಲಿನಂತೆ ತಲೆಯ ಮೇಲಿಂದ ಎಸೆಯಲು ಕಲಿತುಬಿಡುತ್ತಾರೆ.

ಇನ್ನು ಅಸಲಿ ವಿಷಯ. ಮುಟ್ಟುವುದನ್ನು ನಿಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ತಪ್ಪುವುದು ಕಬಡ್ಡಿಯಿಂದ ಬಂದ ಮೂರು ಅಭ್ಯಾಸಗಳಿಂದ.

ಮೊದಲನೆಯದು, ಮುಟ್ಟಿದಮೇಲೂ ಬಿಡದಿರುವುದು. ರೇಡರನ್ನು ತಡೆಯುವವರ ಕೈ ತಾನಾಗಿ ಸೊಂಟಕ್ಕೆ, ಕಾಲಿಗೆ ಹೋಗುತ್ತದೆ. ಇತ್ತ ಸಿಕ್ಕಿಬಿದ್ದವನು ಮಧ್ಯಗೆರೆ ಮುಟ್ಟುವವನಂತೆ ಇನ್ನೂ ನಾಲ್ಕು ಹೆಜ್ಜೆ ನುಗ್ಗಿಯೇ ಚೆಂಡು ಇಡುತ್ತಾನೆ. ಎರಡಕ್ಕೂ ಪೆನಾಲ್ಟಿ, ಅಂದರೆ ತಪ್ಪು ಮಾಡದ ತಂಡಕ್ಕೆ ಚೆಂಡು. ಮುಟ್ಟಿದವನು ಕೈ ಎತ್ತಿ “ಮುಟ್ದೆ!” ಎಂದು ಕೂಗಬೇಕು, ಇನ್ನೊಬ್ಬ ಮುಟ್ಟಿಸಿಕೊಂಡ ಜಾಗಕ್ಕೇ ವಾಪಸ್ ಬರಬೇಕು. “ಎಲ್ ಮುಟ್ದೆ ಕಣ್ಲಾ?” ಎಂಬ ಜಗಳ ಮೊದಲ ವಾರ ಇದ್ದದ್ದೇ. ಮುಟ್ಟದೆ ಮುಟ್ಟಿದೆನೆಂದರೂ ಪೆನಾಲ್ಟಿ ಎಂದು ಎರಡು ಸಲ ಕೊಟ್ಟು ನೋಡಿ, ತಣ್ಣಗಾಗುತ್ತದೆ.

ಎರಡನೆಯದು, ಹಿಂದೆ ಸರಿಯದಿರುವುದು. ಆಟ ಕೆಡುವುದು ಬಹುಪಾಲು ಇಲ್ಲೇ. ಪ್ರತಿ ಟಚ್ ಆದಮೇಲೂ ತಡೆಯುವ ತಂಡ ಪೂರ್ತಿಯಾಗಿ, ಮುಟ್ಟಿದವನೂ ಸೇರಿ, ಏಳು ಮೀಟರ್ ಹಿಂದಕ್ಕೆ ಹೋಗಬೇಕು. ಚಿಕ್ಕ ಮೈದಾನಕ್ಕೆ ಐದು ಸಾಕು. ಕಬಡ್ಡಿಯಲ್ಲಿ ಕೈ ಕೈ ಹಿಡಿದು ಸುತ್ತುಗಟ್ಟಿ ಒತ್ತುವುದು ಜಾಣತನ. ಇಲ್ಲಿ ಹಾಗೆ ಒತ್ತಿದರೆ ಎದುರಿನವರಿಗೆ ಓಡಲು ಜಾಗವೇ ಇರುವುದಿಲ್ಲ, ಆರು ಟಚ್ ನಿಂತಲ್ಲೇ ಮುಗಿಯುತ್ತವೆ, ಮಕ್ಕಳಿಗೆ ಬೇಜಾರಾಗುತ್ತದೆ. ಬಾಯಲ್ಲಿ ಹೇಳಿ ಇದನ್ನು ತಿದ್ದಲಾಗದು. ರೆಫರಿಯಾದ ನೀವೇ ಓಡಿಹೋಗಿ ಐದು ಮೀಟರ್ ಹಿಂದೆ ನಿಂತು ಕೈ ಚಾಚಿ. ನಿಮ್ಮ ಮೈಯೇ ಗೆರೆ. ಎಲ್ಲರೂ ನಿಮ್ಮ ಸಾಲಿಗೆ ಬಂದು, ಮುಟ್ಟಿಸಿಕೊಂಡವನ ಹಿಂದಿನ ಜೊತೆಗಾರ ಚೆಂಡು ಮುಟ್ಟುವತನಕ ಯಾರೂ ಮುಂದೆ ಕಾಲಿಡುವಂತಿಲ್ಲ.

ಮೂರನೆಯದು, ಒಂಟಿಯಾಗಿ ನುಗ್ಗುವುದು. ಒಳ್ಳೆಯ ರೇಡರ್ ಇಲ್ಲಿ ಮೊದಮೊದಲು ಕೆಟ್ಟ ಆಟಗಾರ. ಅವನು ಚೆಂಡು ಬಿಡುವುದಿಲ್ಲ. ಬಿಟ್ಟರೂ ಮುಂದೆ ಓಡುತ್ತಿರುವವನಿಗೆ ಎಸೆಯುತ್ತಾನೆ. ಪಾಸ್ ಪಕ್ಕಕ್ಕೆ ಅಥವಾ ಹಿಂದಕ್ಕೆ ಹೋಗಬೇಕು, ಮುಂದಕ್ಕೆ ಹೋದರೆ ಪೆನಾಲ್ಟಿ. ಕೆಳಗೆ ಬಿದ್ದರೆ ಚೆಂಡು ಎದುರಾಳಿಗೆ. ಬೈಗುಳ ಎಸೆದವನಿಗೆ ಬೀಳುತ್ತದೆ, ತಪ್ಪು ಸಾಮಾನ್ಯವಾಗಿ ಹಿಡಿಯುವವನದು: ಅವನು ಆತುರಕ್ಕೆ ಮುಂದೆ ಹೋಗಿರುತ್ತಾನೆ. ನಾಲ್ವರನ್ನು ಐದೈದು ಮೀಟರ್ ಅಂತರದಲ್ಲಿ, ಒಬ್ಬನಿಗಿಂತ ಇನ್ನೊಬ್ಬ ಎರಡು ಹೆಜ್ಜೆ ಹಿಂದಿರುವಂತೆ ಓರೆಯಾಗಿ ನಿಲ್ಲಿಸಿ. ನಡೆಯುತ್ತಾ 20 ಮೀಟರೊಳಗೆ ಚೆಂಡು ಈ ತುದಿಯಿಂದ ಆ ತುದಿಗೆ ಮುಟ್ಟಬೇಕು. ಎರಡೂ ಕೈಯಲ್ಲಿ ಹಿಡಿದು, ಎದೆಯ ಅಡ್ಡಕ್ಕೆ ಬೀಸಿ, ಬೆರಳು ಹಿಡಿಯುವವನ ಕೈಯನ್ನೇ ತೋರಿಸುತ್ತಾ ನಿಲ್ಲಬೇಕು. ಹತ್ತು ಸುತ್ತು ಬೀಳದೆ ಬಂದಮೇಲೆ ಜಾಗಿಂಗ್, ಆಮೇಲೆ ಓಟ.

ಮುಟ್ಟಿದಮೇಲೆ ಚೆಂಡನ್ನು ಎತ್ತಿಕೊಳ್ಳುವವನನ್ನು ಹಾಫ್ ಎನ್ನುತ್ತಾರೆ. ಅವನ ಕೈಯಲ್ಲಿ ಚೆಂಡಿರುವಾಗ ಮುಟ್ಟಿದರೂ, ಅವನೇ ಗೆರೆಯಾಚೆ ಇಟ್ಟರೂ ಚೆಂಡು ಎದುರಾಳಿಯದು. ಈ ನಿಯಮ ಎರಡನೇ ವಾರಕ್ಕಿರಲಿ, ಒಮ್ಮೆಗೇ ಎಲ್ಲ ಹೇಳಿದರೆ ಮಕ್ಕಳು ನಿಂತು ಯೋಚಿಸುತ್ತಾರೆ.

ಹೆಣ್ಣುಮಕ್ಕಳನ್ನು ಬೇರೆ ಕೂರಿಸಬೇಡಿ. ಮಿಶ್ರ ತಂಡದ ಪಂದ್ಯ ಈ ಆಟದಲ್ಲಿ ಮಾಮೂಲು; ಅಲ್ಲಿ ಒಮ್ಮೆಗೆ ಮೂವರಿಗಿಂತ ಹೆಚ್ಚು ಹುಡುಗರು ಮೈದಾನದಲ್ಲಿರುವಂತಿಲ್ಲ. ನಿಮ್ಮ ನಾಲ್ವರಲ್ಲಿ ಇಬ್ಬರು, ಇಬ್ಬರು ಇರಲಿ. ಖೋ ಖೋ ಆಡಿದ ಹುಡುಗಿಯರು ತಟ್ಟನೆ ತಿರುಗುವುದರಲ್ಲಿ ಕಬಡ್ಡಿ ಹುಡುಗರಿಗಿಂತ ಚುರುಕಾಗಿರುತ್ತಾರೆ, ಅವರನ್ನೇ ಹಾಫ್ ಮಾಡಿ. ಬದಲಿ ಆಟಗಾರರಿಗೆ ಲೆಕ್ಕವಿಲ್ಲ, ಒಬ್ಬರು ಹೊರಬಂದಮೇಲೆ ಇನ್ನೊಬ್ಬರು ಒಳಹೋಗಬೇಕು, ಅಷ್ಟೇ. ದೊಡ್ಡವರ ಪಂದ್ಯ 20 ನಿಮಿಷದ ಎರಡು ಅವಧಿ. ನೀವು ಏಳೇಳು ನಿಮಿಷ ಆಡಿಸಿ, ಏಪ್ರಿಲ್ ಬಿಸಿಲಲ್ಲಿ ಐದೈದೇ ಸಾಕು, ಅದೂ ಬೆಳಿಗ್ಗೆ ಎಂಟರೊಳಗೆ.

ಪಕ್ಕದೂರಿನ ಶಾಲೆಯನ್ನು ಪಂದ್ಯಕ್ಕೆ ಕರೆದರೆ ಹಿಂದೆ ಸರಿಯುವ ದೂರ ಐದೋ ಏಳೋ ಎಂಬುದನ್ನು ಟಾಸ್‌ಗೆ ಮೊದಲೇ ಮಾತಾಡಿಕೊಳ್ಳಿ.